ಎರಡನೆಯ ಡಿಸ್ಕಿನಲ್ಲಿ ನಿನ್ನ ದನಿ

ಕೇಳಿದೆಯಾ ಅಹಲ್ಯಾ! ಇಂದು ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿನಲ್ಲಿ ಮಹಾಸಂಗ್ರಾಮ! ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಜೋಡಿಸಿದೆ. ಒಂದು ನಕಲು ಇಳಿಸಿಕೊಳ್ಳಲು ತಂದ ಖಾಲಿ ಡಿಸ್ಕ್, ಇನ್ನೊಂದರಲ್ಲಿ ನಮ್ಮ ನಾಟಕಗಳ ರೆಕಾರ್ಡಿಂಗು. ಸೈಡ್‌ವಿಂಗಿನಲ್ಲಿ ನಿಂತು ನನಗೆ ಮಾತು ಹೇಳಿಕೊಡುತ್ತಿದ್ದ ನಿನ್ನ ದನಿ ಉಳಿದಿರುವುದು ಅಲ್ಲಿ ಮಾತ್ರ.

“ಫಾರ್ಮ್ಯಾಟ್ ಮಾಡಲೇ?” ಎಂದಿತು ಪರದೆ, ಯಾವ ಡಿಸ್ಕೆಂದು ಹೇಳದೆ. ನಾನು ಶೂರನಂತೆ ಬೆರಳೆತ್ತಿದೆ.

“ಅಪ್ಪಾ, ರುಕೋ! ಅದು ಅಮ್ಮನ ದನಿ ಇರೋ ಡಿಸ್ಕೇ ಆಗಿದ್ರೆ? ಸಬ್ ಉಡ್ ಜಾಯೇಗಾ, ಎಲ್ಲಾ ಅಳಿಸಿಹೋಗುತ್ತೆ!” ಮಗಳು ಗಗನಾ ಕಿರುಚಿದಳು.

ಅದನ್ನು ಬಿಟ್ಟು ಇನ್ನೊಂದನ್ನು ತೆರೆದೆ. ನಾಟಕಗಳು ಸಿಕ್ಕವು. ನನ್ನ ಆರ್ಭಟ ಮನೆ ತುಂಬಿತು.

“ಅಮ್ಮ ಎಲ್ಲಪ್ಪಾ? ಬರೀ ನೀವೇ ಇದ್ದೀರಾ!”

ನೀನು ಮಾತು ಹೇಳಿಕೊಟ್ಟದ್ದು ಆ ಸಂದಿನಲ್ಲಾದರೂ ಕೇಳೀತೆಂದು, ನಾನು ಉಸಿರೆಳೆದುಕೊಂಡ ಕಡೆಯಲ್ಲೆಲ್ಲ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ಮತ್ತೆ ಕೇಳುತ್ತಿದ್ದೇವೆ. ಒಂಬತ್ತು ನಾಟಕ ಮುಗಿದವು. ಇನ್ನೆರಡು ಉಳಿದಿವೆ.