ಕೋಟೆಗೋಡೆಗೆ ತೂಗುಹಾಕಿದ ನಿಲುವಂಗಿ

ಪೋಪರ ಮಾನ್ಯ ಧರ್ಮಪೀಠದ ಪ್ರತಿನಿಧಿಗಳೇ,

ನನ್ನ ತಂದೆ ನಿಮ್ಮ ವೇದಿಕೆ ಹತ್ತುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಮ್ಮಂಥ ದೊಡ್ಡವರಿಗೆ ಪತ್ರವನ್ನು ಕೊನೆಯವರೆಗೆ ಓದಲು ಪುರುಸೊತ್ತು ಇರುವುದಿಲ್ಲ. ಬರುವ ಸಂತ ಕ್ರೆಶೆವಾನರ ಹಬ್ಬದ ದಿನ ನಮ್ಮ ಝಾದರ್ ಪಟ್ಟಣದ ಚೌಕದಲ್ಲಿ ತಾವು ಹೊಸ ಧರ್ಮಯುದ್ಧಕ್ಕೆ ಜನರನ್ನು ಕರೆಯಲಿದ್ದೀರಿ. ಹಿಂದೊಮ್ಮೆ ಪುಣ್ಯಭೂಮಿಗೆ ಹೋಗಿ ಬಂದ ದ್ರಾಗೋಶ್ ಎಂಬ ಮುದುಕ ಅಲ್ಲಿ ತನ್ನ ಹಳೆಯ ನಿಲುವಂಗಿ ತೊಟ್ಟು ನಿಂತು, ಹೊರಡುವವರ ಕೈಗೆ ಬಟ್ಟೆಯ ಶಿಲುಬೆಗಳನ್ನು ಕೊಡಬೇಕೆಂದು ತಮ್ಮ ಅಪ್ಪಣೆಯಾಗಿದೆ. ನಿಲ್ಲದಿದ್ದರೆ ದೇವಾಲಯದ ಅಂಗಳದ ಯಾತ್ರಿಕರ ಸಾಲಿನಲ್ಲಿ, ನನ್ನ ತಾಯಿಯ ಸಮಾಧಿಯ ಪಕ್ಕದಲ್ಲಿ ಅವರಿಗೆ ಮೀಸಲಿದ್ದ ಜಾಗ ಬೇರೆಯವರಿಗೆ ಹೋಗುತ್ತದೆ ಎಂದೂ ಅಪ್ಪಣೆಯಾಗಿದೆ. ಆ ಮುದುಕ ನನ್ನ ತಂದೆ. ಗೋಡೆ ಹಿಡಿದು ನಡೆಯುತ್ತಾರೆ, ಈ ಚಳಿಗಾಲ ದಾಟುವುದು ಅನುಮಾನ. ನಿಲುವಂಗಿ ಎಲ್ಲಿದೆ ಎಂಬುದನ್ನು ತಾವು ನಿಮ್ಮ ಜನರನ್ನೇ ಕೇಳಬೇಕು.

ನನಗೆ ಬರೆಯಲು ಬಾರದು. ನಾನು ಹೇಳಿದ್ದನ್ನು ಬರೆದುಕೊಟ್ಟವರ ಹೆಸರು ಹೇಳುವುದಿಲ್ಲ, ಅವರಿಗೂ ಒಂದು ಸಮಾಧಿಯ ಆಸೆ ಇದೆ. ಒಂದು ಪ್ರತಿಯನ್ನು ಮೀನುಪೇಟೆಯ ಬಾಗಿಲಿಗೂ ಮೊಳೆ ಹೊಡೆಸಿ ತಗುಲಿಸಿದ್ದೇನೆ. ತಮಗೆ ಕೇಳಿಸದಿದ್ದರೂ ಊರಿಗೆ ಕೇಳಿಸಲಿ.

ಅಪ್ಪಣೆ ತಂದವರು ನಮ್ಮ ಪಾದ್ರಿ ದಾಬ್ರೊ. ಪಾಪ, ಒಳ್ಳೆಯವರು. ಬಾಗಿಲಲ್ಲೇ ನಿಂತು ಟೋಪಿ ಹಿಸುಕುತ್ತಿದ್ದರು.

"ಒಂದು ಗಳಿಗೆ ನಿಂತ್ರೆ ಸಾಕಂತೆ ದೆಸಾ. ಕುರ್ಚಿ ಹಾಕಿಸ್ತೀನಿ. ಮಾತಾಡೋದೂ ಬೇಡ."

"ನಿಲುವಂಗಿ?"

"ಬೇರೆ ಯಾವ್ದಾದ್ರೂ ಹೊದಿಸೋಣ. ದೂರದಿಂದ ಯಾರಿಗ್ ಗೊತ್ತಾಗತ್ತೆ?"

ಒಳಗಿಂದ ಅಪ್ಪ ಕೂಗಿದರು: "ದಾಬ್ರೊ, ನನ್ನ ಬದ್ಲಿಗೂ ಬೇರೆ ಯಾರನ್ನಾದ್ರೂ ಕೂರಿಸ್ಬಿಡಪ್ಪ. ದೂರದಿಂದ ಯಾರಿಗ್ ಗೊತ್ತಾಗತ್ತೆ?"

ನಾನು ನಕ್ಕುಬಿಟ್ಟೆ. ಪಾದ್ರಿಗಳು ನಗಲಿಲ್ಲ.

ಮಾನ್ಯರೇ, ನನ್ನ ತಂದೆ ಯಾಕೆ ಹೋದರು ಎಂದು ತಮಗೆ ಗೊತ್ತಿದೆಯೇ? ನಾನಾಗ ಕೂಸು. ಜೆರೂಸಲೇಮ್ ಸುಲ್ತಾನನ ಕೈಸೇರಿದ ಸುದ್ದಿ ಬಂದಿತ್ತು. ನಿಮ್ಮ ಪ್ರಚಾರಕರು ಊರೂರು ತಿರುಗಿ ಅತ್ತು ಕರೆದು ಹೇಳಿದರು: ಬಂದವನ ಪಾಪವೆಲ್ಲ ಮಾಫಿ, ಅವನು ವಾಪಸು ಬರುವವರೆಗೆ ಮನೆ, ಹೆಂಡತಿ, ಮಕ್ಕಳು, ಎತ್ತು, ಎಲ್ಲವೂ ದೇವಾಲಯದ ರಕ್ಷಣೆಯಲ್ಲಿ. ದೇವರ ಸಮಾಧಿಯನ್ನು ನೆನೆದು ನಿಜವಾಗಿ ಅತ್ತವರೂ ಹೋದರು, ಇಲ್ಲವೆನ್ನುವುದಿಲ್ಲ. ಜೊತೆಗೆ ಅಣ್ಣನಿಗೆ ಆಸ್ತಿ ಹೋಗಿ ತನಗೆ ಬರಿಗೈ ಉಳಿದ ತಮ್ಮಂದಿರು ಹೋದರು. ಊರಲ್ಲಿ ಒಬ್ಬರನ್ನೊಬ್ಬರು ಇರಿದುಕೊಂಡು ತಮಗೇ ತಲೆನೋವಾಗಿದ್ದ ಸರದಾರರು ಹೋದರು. ಅವರ ಕತ್ತಿಗೆ ದೂರದಲ್ಲೊಂದು ಕೆಲಸ ಹುಡುಕಿಕೊಟ್ಟ ನಿಮ್ಮ ಜಾಣತನವನ್ನು ಮೆಚ್ಚಲೇಬೇಕು. ಅಪ್ಪ ಹೋದದ್ದು ಮಾತ್ರ ನನ್ನ ಅಣ್ಣನಿಗಾಗಿ. ಜ್ಞಾನಸ್ನಾನಕ್ಕೆ ಮುಂಚೆಯೇ ತೀರಿಕೊಂಡ ಆ ಕೂಸಿಗೆ ಸ್ವರ್ಗವಿಲ್ಲ ಎಂದು ಯಾರೋ ಹೇಳಿದ್ದರು. ತನ್ನ ಯಾತ್ರೆಯ ಪುಣ್ಯವನ್ನು ಅವನಿಗೆ ಕೊಡಿಸಬಹುದೆಂದು ಅಪ್ಪ ನಂಬಿದರು. ನಂಬಬೇಡ ಎಂದು ನಿಮ್ಮವರು ಯಾರೂ ಹೇಳಲಿಲ್ಲ.

ಪುಣ್ಯಭೂಮಿಯ ಕಡಲತೀರದಲ್ಲಿ ಸುಲ್ತಾನನ ವಶದಲ್ಲಿದ್ದ ಅಕ್ಕೋ ಪಟ್ಟಣದ ಮುತ್ತಿಗೆಯಲ್ಲಿ ಎರಡು ಚಳಿಗಾಲ ಕಳೆದು, ಜೆರೂಸಲೇಮಿನ ಮುಖವನ್ನೇ ನೋಡದೆ ಮರಳಿದರು. ಹೋಗುವಾಗ ಶಿಲುಬೆ ಭುಜದ ಮೇಲೆ, ಬರುವಾಗ ಬೆನ್ನ ಮೇಲೆ, ಅದು ಪದ್ಧತಿ. ಅಮ್ಮ, ಅವಳ ಹೆಸರು ಸ್ತಾನಾ, ಬಂದರಿನಲ್ಲಿ ಅಪ್ಪನ ಗುರುತು ಹಿಡಿದದ್ದು ಬೆನ್ನಿಂದ. ಅಷ್ಟು ಇಳಿದುಹೋಗಿದ್ದರು. ನಿಲುವಂಗಿಯ ಕಂಕುಳಲ್ಲಿ ಹರಿದದ್ದನ್ನು ಅಮ್ಮ ನೀಲಿ ದಾರದಿಂದ ಹೊಲಿದಳು, ಬೇರೆ ದಾರ ಮನೆಯಲ್ಲಿರಲಿಲ್ಲ. ಆಮೇಲೆ ಅದನ್ನು ವರ್ಷಕ್ಕೊಮ್ಮೆ ಹಬ್ಬದ ದಿನ ಮಾತ್ರ ಪೆಟ್ಟಿಗೆಯಿಂದ ತೆಗೆಯುತ್ತಿದ್ದರು. ನಮ್ಮಲ್ಲಿ ಶಿಲುಬೆ ಹೊತ್ತು ಹೋಗಿ ಬಂದವನನ್ನು ಅದರಲ್ಲೇ ಮಣ್ಣುಮಾಡುವುದು.

ಇನ್ನು ಹದಿನಾಲ್ಕು ವರ್ಷದ ಹಿಂದಿನ ಮಾತು. ಮತ್ತೆ ಜೆರೂಸಲೇಮಿಗೆಂದು ತಮ್ಮ ಧರ್ಮಪೀಠ ಕರೆಕೊಟ್ಟಿತು. ಪಡುವಣ ಸೀಮೆಯ ಫ್ರಾಂಕರ ಸರದಾರರು ಇಷ್ಟು ಸಾವಿರ ಜನ ಬರುತ್ತೇವೆಂದು ವೆನಿಸ್ಸಿನವರ ಬಳಿ ಹಡಗು ಕಟ್ಟಿಸಿದರು. ಬಂದವರು ಅದರ ಅರ್ಧವೂ ಇಲ್ಲ. ಹಡಗಿನ ಬಾಡಿಗೆ ಹುಟ್ಟಲಿಲ್ಲ. ಆಗ ವೆನಿಸ್ಸಿನ ಮುದಿ ಅಧಿಪತಿ, ತನ್ನ ಕೈತಪ್ಪಿ ಹಂಗೇರಿಯ ದೊರೆಯ ಮೊರೆಹೋಗಿರುವ ಝಾದರ್ ಪಟ್ಟಣವನ್ನು ಗೆದ್ದುಕೊಡಿ, ಬಾಕಿ ಹಣಕ್ಕೆ ಕಾಯುತ್ತೇವೆ ಎಂದನಂತೆ. ಆ ಹಂಗೇರಿಯ ದೊರೆಯೂ ಶಿಲುಬೆ ಹೊತ್ತವನೇ! ಅಂದರೆ ನಿಮ್ಮ ಮಾತಿನ ಪ್ರಕಾರ ಇಡೀ ಊರೇ ದೇವಾಲಯದ ರಕ್ಷಣೆಯಲ್ಲಿತ್ತು. ನಮಗಿಂತ ಭದ್ರವಾಗಿದ್ದವರು ಲೋಕದಲ್ಲಿ ಇನ್ಯಾರು?

ಹಡಗುಗಳು ಬಂದರಿನ ಸರಪಳಿ ಮುರಿದು ಒಳಬಂದ ದಿನ ಊರಿನ ಹಿರಿಯರು ಒಂದು ಉಪಾಯ ಹೂಡಿದರು. ಇರುವ ಶಿಲುಬೆಗಳನ್ನೆಲ್ಲ ಕೋಟೆಗೋಡೆಯಿಂದ ಹೊರಕ್ಕೆ ತೂಗುಹಾಕಿ, ನಾವೂ ಕ್ರೈಸ್ತರೇ ಎಂಬುದು ಅವರಿಗೆ ಕಾಣಲಿ ಎಂದರು. ಈ ತಪ್ಪನ್ನು ನಮ್ಮಂಥವರು ಮಾತ್ರ ಮಾಡಬಲ್ಲರು. ಬೇರೆಯವರಾಗಿದ್ದರೆ ಗೋಡೆಯಿಂದ ಸುರಿಯಲು ಎಣ್ಣೆ ಕಾಯಿಸುತ್ತಿದ್ದರು. ನಾವು ಮೆರವಣಿಗೆಯ ಪತಾಕೆ, ಬಲಿಪೀಠದ ಹೊದಿಕೆ, ಮದುಮಗಳ ದುಪ್ಪಟಿಯ ಮೇಲೆ ಇದ್ದಿಲಲ್ಲಿ ಗೀಚಿದ ಶಿಲುಬೆ, ಕೈಗೆ ಸಿಕ್ಕಿದ್ದನ್ನೆಲ್ಲ ತೂಗುಹಾಕಿದೆವು. ಅಪ್ಪ ಪೆಟ್ಟಿಗೆ ತೆರೆದರು.

ಪಕ್ಕದ ಮನೆಯ ಗ್ರುಬೆ ಅಕ್ಕ, ಬಾಯಿ ಜೋರಿನವಳು, ಕೇಳಿಯೇಬಿಟ್ಟಳು: "ದ್ರಾಗೋಶಣ್ಣಾ, ಅದನ್ನ ಯಾಕ್ ತೂಗ್ತೀಯ? ಮಳೆ ಬಂದ್ರೆ ಸ್ತಾನಾ ನಿನ್ನ ಮನೆಗ್ ಸೇರಿಸ್ತಾಳಾ?"

"ಗುರುತಾಗ್ಲಿ ಅಂತ ಕಣೇ," ಅಂದರು ಅಪ್ಪ. "ಅವ್ರ ಜೊತೆ ಒಂದೇ ಮಡಕೇಲಿ ಉಂಡಿದೀನಿ ನಾನು. ಇದನ್ನ ನೋಡಿದ್ಮೇಲೆ ಯಾವನೂ ಕಲ್ಲು ಎತ್ತಲ್ಲ."

ಊರು ಶರಣಾಗಲು ಸಿದ್ಧವೇ ಇತ್ತು. ಆದರೆ ಫ್ರಾಂಕರಲ್ಲೇ ಕೆಲವು ಸರದಾರರು, ಹೆದರಬೇಡಿ, ನಾವು ಕ್ರೈಸ್ತರ ಮೇಲೆ ಕೈಮಾಡುವುದಿಲ್ಲ ಎಂದು ನಮ್ಮ ದೂತರಿಗೆ ಮಾತುಕೊಟ್ಟರು. ಮಠಾಧಿಪತಿಯೊಬ್ಬರು ಧರ್ಮಪೀಠದ ನಿಷೇಧಪತ್ರವನ್ನೂ ಓದಿದರಂತೆ. ನಾವು ನಂಬಿ ಬಾಗಿಲು ಮುಚ್ಚಿಕೊಂಡೆವು. ಮರುದಿನ ಅವರ ಕವಣೆಯಂತ್ರಗಳಿಂದ ಕಲ್ಲು ಬೀಳತೊಡಗಿತು. ನಮ್ಮ ಕಾವಲುಗಾರ ಸಂತನ ಹಬ್ಬದ ದಿನವೇ ಊರು ಬಿತ್ತು, ತಾವು ಈಗ ವೇದಿಕೆ ಕಟ್ಟಿಸುತ್ತಿರುವ ಅದೇ ಹಬ್ಬದ ದಿನ. ಈ ದಿನವನ್ನು ಆರಿಸಿಕೊಟ್ಟವರು ಯಾರು ಮಾನ್ಯರೇ? ನೆನಪಿಲ್ಲದೆ ಆರಿಸಿದಿರೋ, ಅಥವಾ ನಮಗೇ ನೆನಪಿರಲಾರದೆಂದು ಆರಿಸಿದಿರೋ?

ಚಳಿಗಾಲವಿಡೀ ಆ ಸೈನ್ಯ ನಮ್ಮ ಮನೆಗಳಲ್ಲೇ ಇಳಿದುಕೊಂಡಿತು. ನಮ್ಮ ಮನೆಗೆ ಬಂದವನು ಶಾಂಪೇನ್ ಎಂಬ ಸೀಮೆಯ ಫ್ರಾಂಕ ರೆನೋ, ದ್ರಾಕ್ಷಿತೋಟದವನಂತೆ. ಹೊಸ್ತಿಲು ದಾಟಿದಾಗ ಅವನ ಮೈಮೇಲೆ ನನ್ನ ಅಪ್ಪನ ನಿಲುವಂಗಿ ಇತ್ತು. ಕಂಕುಳಲ್ಲಿ ನೀಲಿ ದಾರ.

ನಮ್ಮ ಕಡಲತೀರದ ಭಾಷೆಯನ್ನು ಅವನು ಹರಕುಮುರುಕು ಆಡುತ್ತಿದ್ದ. ಅಪ್ಪ ಕೇಳಿದರು: "ಗೋಡೆ ಮೇಲೆ ಇದನ್ನ ನೋಡ್ಲಿಲ್ವೇನಪ್ಪ ನೀವು?"

"ನೋಡಿದ್ವಿ ಯಜಮಾನ್ರೇ. ಹಡಗಿಂದ ಕಾಣ್ತಿತ್ತು." ಅವನ ಮುಖ ಕೆಂಪಗಾಯಿತು. "ಊರವರು ಬಟ್ಟೆ ಒಗ್ದು ಹಾಕಿದಾರೆ ಅಂತ ನಕ್ಕಿದ್ವಿ. ಹತ್ರ ಬಂದ್ಮೇಲೆ ಗೊತ್ತಾಯ್ತು. ಆಗ ಯಾರೂ ನಗ್ಲಿಲ್ಲ, ಆದ್ರೆ ಯಾರೂ ನಿಲ್ಲಿಸ್ಲೂ ಇಲ್ಲ."

ಅವನನ್ನು ರಾಕ್ಷಸ ಎಂದು ಬರೆಸಲು ಆಸೆಯಿದೆ, ಆದರೆ ಬಾಯಿ ಬರುತ್ತಿಲ್ಲ. ನಮ್ಮ ಉಪ್ಪುಮೀನು, ಅಂಜೂರ ಖಾಲಿಮಾಡಿದ. ಸೌದೆಯನ್ನೂ ಅವನೇ ಒಡೆದ. ಅಮ್ಮ ಅದೇ ಚಳಿಯಲ್ಲಿ ಜ್ವರ ಬಂದು ತೀರಿಕೊಂಡಾಗ ಯಾತ್ರಿಕರ ಸಾಲಿನಲ್ಲಿ ಗುಂಡಿ ತೋಡಿದವನು ಅವನೇ. ಹೆಪ್ಪುಗಟ್ಟಿದ ನೆಲ, ಊರಲ್ಲಿ ಗಂಡಸರಿರಲಿಲ್ಲ, ಬಹಳ ಜನ ದ್ವೀಪಗಳಿಗೆ ಓಡಿಹೋಗಿದ್ದರು. ಗುಂಡಿ ಮುಚ್ಚಿ ಬಂದ ಮೇಲೆ ಅವನು ನಿಲುವಂಗಿ ಬಿಚ್ಚಿ ನನ್ನ ಮುಂದಿಟ್ಟ.

"ತಂಗೀ, ಇದು ಬೇಕಿದ್ರೆ ತಗೋ. ನಂಗೇ ಕೊಡೋದಾದ್ರೆ ಬೆನ್ನಿನ ಶಿಲುಬೆ ಬಿಚ್ಚಿ ಭುಜಕ್ಕೆ ಹೊಲ್ದುಕೊಡು. ನಾನಿನ್ನೂ ಹೋಗೋನು, ಬಂದೋನಲ್ಲ."

ನಾನು ಅವನ ಮುಖಕ್ಕೇ ಎಸೆದೆ. ಅಪ್ಪ ಎತ್ತಿಕೊಂಡರು.

"ಹೊಲ್ದುಕೊಡು ಮಗಳೇ."

"ಅಪ್ಪಾ, ಇದು ನಿನ್ನ ಕೊನೇ ಬಟ್ಟೆ!"

"ನನ್ನ ಕೈಲಿ ಆಗ್ಲಿಲ್ಲ. ಇದಾದ್ರೂ ಜೆರೂಸಲೇಮ್ ನೋಡ್ಲಿ." ಆಮೇಲೆ ರೆನೋ ಕಡೆ ತಿರುಗಿದರು. "ಅಲ್ಲಿಗೇ ಹೋಗ್ತೀಯಲ್ಲಪ್ಪ?"

ನನ್ನ ತಾಯಿಯ ಸಮಾಧಿಯ ಮಣ್ಣು ಇನ್ನೂ ಅವನ ಉಗುರಲ್ಲಿತ್ತು. ಅದೇ ಕೈಯನ್ನು ಎದೆಗಿಟ್ಟು ಆಣೆ ಮಾಡಿದ. ನಾನು ಹೊಲಿಗೆ ಬಿಚ್ಚಿದೆ. ಬೆನ್ನ ಮೇಲೆ ಬಣ್ಣಗೆಡದ ಶಿಲುಬೆಯಾಕಾರದ ಜಾಗವೊಂದು ಉಳಿಯಿತು. ಅವನು ತೊಟ್ಟು ನಿಂತಾಗ ಮುಂದೊಂದು, ಹಿಂದೊಂದು ಶಿಲುಬೆ ಕಾಣುತ್ತಿತ್ತು.

ಅಷ್ಟರಲ್ಲಿ ತಮ್ಮ ಪೀಠದಿಂದ ಪತ್ರ ಬಂತು. ಕ್ರೈಸ್ತರ ಊರನ್ನು ಹಾಳುಮಾಡಿದ್ದಕ್ಕೆ ಇಡೀ ಸೈನ್ಯಕ್ಕೆ ಬಹಿಷ್ಕಾರ ಬಿತ್ತೆಂದು ಕೇಳಿ ನಾವು ಕಣ್ಣೀರಿಟ್ಟಿದ್ದೆವು, ಕೇಳುವವರಿದ್ದಾರೆ ಎಂದು. ತಪ್ಪಾಯಿತು ಎಂದರಂತೆ ಫ್ರಾಂಕರು, ತಾವು ಕ್ಷಮಿಸಿಬಿಟ್ಟಿರಿ. ಇನ್ನೂ ನಮ್ಮ ಹಾಸಿಗೆಯಲ್ಲೇ ಮಲಗಿದ್ದರು, ಆಗಲೇ ಕ್ಷಮೆ! ಪೆಟ್ಟು ತಿಂದವರು ನಾವು. ನಮ್ಮಲ್ಲಿ ಒಬ್ಬರನ್ನಾದರೂ ಒಂದು ಮಾತು ಕೇಳಿದಿರಾ? ವಸಂತದಲ್ಲಿ ಹೊರಡುವ ಮುಂಚೆ ವೆನಿಸ್ಸಿನವರು ಗೋಡೆಗಳನ್ನೂ ಮನೆಗಳನ್ನೂ ನೆಲಸಮ ಮಾಡಿದರು. ದೇವಾಲಯಗಳನ್ನು ಮಾತ್ರ ಬಿಟ್ಟರು. ದೇವರ ರಕ್ಷಣೆ ಎಂದರೆ ದೇವರ ಮನೆಗೆ ಮಾತ್ರ ಎಂಬುದು ನಮಗೆ ಆಗ ತಿಳಿಯಿತು. ನಾನೂ ಅಪ್ಪನೂ ಎದುರು ದ್ವೀಪದ ಕುರಿಹಟ್ಟಿಯಲ್ಲಿ ಎರಡು ವರ್ಷ ಇದ್ದೆವು.

ಹಡಗುಗಳು ಜೆರೂಸಲೇಮಿಗೆ ಹೋಗಲಿಲ್ಲ. ದಾರಿಯಲ್ಲಿ ಗ್ರೀಕರ ಒಬ್ಬ ರಾಜಕುಮಾರ ಸಿಕ್ಕಿ, ನನ್ನನ್ನು ಗದ್ದುಗೆಗೆ ಕೂರಿಸಿ, ಬೊಕ್ಕಸ ತೆರೆಯುತ್ತೇನೆ ಎಂದನಂತೆ. ತಿರುಗಿಸಿದರು ಚುಕ್ಕಾಣಿಯನ್ನು ಕಾನ್‌ಸ್ಟಾಂಟಿನೋಪಲ್ಲಿಗೆ. ಅದೂ ಕ್ರೈಸ್ತರ ಊರು, ಲೋಕದಲ್ಲೇ ದೊಡ್ಡದು. ಅದನ್ನೂ ಸುಟ್ಟು ಸೂರೆಮಾಡಿದರು. ಗ್ರುಬೆ ಅಕ್ಕನ ತಮ್ಮ ನಾವಿಕ, ಅಲ್ಲಿ ರೆನೋನನ್ನು ಕಂಡು ಮಾತಾಡಿಸಿದ್ದ. ಭೂಮಿ ಸಿಕ್ಕಿದೆಯಂತೆ, ಗ್ರೀಕರ ಹೆಣ್ಣನ್ನು ಕಟ್ಟಿಕೊಂಡಿದ್ದಾನಂತೆ. ಜೆರೂಸಲೇಮ್ ಯಾವಾಗ ಎಂದರೆ, ಬರೋ ವರ್ಷ ನೋಡೋಣ ಎಂದನಂತೆ. ನೀಲಿ ದಾರದ ನಿಲುವಂಗಿಯಲ್ಲಿ ಯಾವುದೋ ದೇವಾಲಯದ ಬೆಳ್ಳಿ ಬಟ್ಟಲುಗಳನ್ನು ಗಂಟುಕಟ್ಟಿ ಮೂಲೆಯಲ್ಲಿಟ್ಟಿದ್ದನಂತೆ.

ಅಂದಿನಿಂದ ಅಪ್ಪನ ಬಾಯಲ್ಲಿ ಅಕ್ಕೋದ ಕಥೆಗಳು ನಿಂತುಹೋದವು.

ಈಗ ಮತ್ತೆ ತಾವು ಬಂದಿದ್ದೀರಿ. ಈ ಸಲ ಹಡಗಿನ ಬಾಡಿಗೆಗೆ ಹಂಗೇರಿಯ ಹೊಸ ದೊರೆ ನಮ್ಮ ಊರಿನ ಮೇಲಿನ ಹಕ್ಕನ್ನೇ ವೆನಿಸ್ಸಿಗೆ ಬಿಟ್ಟುಕೊಡುವ ಮಾತು ನಡೆದಿದೆಯೆಂದು ಬಂದರಿನಲ್ಲೆಲ್ಲ ಗುಲ್ಲು. ಒಂದೇ ಊರನ್ನು ಒಂದೇ ಯಾತ್ರೆಯ ಹೆಸರಲ್ಲಿ ಎಷ್ಟು ಸಲ ಮಾರಬಹುದು ಎಂದು ತಮ್ಮ ಪಂಡಿತರನ್ನು ಕೇಳಿ ತಿಳಿಸಿ. ಇದು ಹೊಸತೂ ಅಲ್ಲ. ನೂರಿಪ್ಪತ್ತು ವರ್ಷದ ಹಿಂದಿನ ಮೊಟ್ಟಮೊದಲ ದಂಡು ನಮ್ಮ ಬೆಟ್ಟಗಳ ಮೇಲಿಂದಲೇ ಹೋಯಿತು. ಕಾಳು ಕಸಿದುಕೊಂಡಿತು, ತಡೆದವರ ಕೈಕಾಲು ಕಡಿಯಿತು. ಶಿಲುಬೆ ಹೊತ್ತವರು ಬರುತ್ತಿದ್ದಾರೆಂದರೆ ಕುರಿಗಳನ್ನು ಗುಹೆಗೆ ಹೊಡೆಯಬೇಕು ಎಂದು ಆ ಕಡೆಯ ಕುರುಬರಿಗೆ ಇಂದಿಗೂ ಗೊತ್ತು. ಪಟ್ಟಣದವರಾದ ನಮಗೆ ಗೊತ್ತಿರಲಿಲ್ಲ.

ಪಾದ್ರಿ ದಾಬ್ರೊ ಹೋದ ಮೇಲೆ ನಾನು ಅಪ್ಪನಿಗೆ ಹೇಳಿದೆ, ಹೋಗಿ ಕೂತು ಬಂದುಬಿಡು, ಅಮ್ಮನ ಪಕ್ಕದ ಜಾಗ ಹೋಗುತ್ತದೆ ಎಂದು. ನಿಜಕ್ಕೂ ಹೇಳಿದೆ. ಜಾಗ ನನಗೆ ಮುಖ್ಯ. ಅವರು ಬೆಂಕಿಗೆ ಸೌದೆ ತಳ್ಳುತ್ತ ಹೇಳಿದರು:

"ಅಕ್ಕೋದ ಗೋಡೆ ಮೇಲೂ ಏನೋ ತೂಗಾಡ್ತಿತ್ತು ಕಣೇ ದೆಸಾ."

"ಏನು?"

"ಬಿಳೀ ಬಟ್ಟೆ, ಹಸಿರು ಬಟ್ಟೆ, ಏನೇನೋ ಬರ್ದಿತ್ತು. ಅವ್ರ ದೇವ್ರ ಮಾತೋ ಏನೋ, ನಮಗ್ ಓದೋಕ್ ಬರ್ತಿರ್ಲಿಲ್ಲ. ಬಟ್ಟೆ ಒಗ್ದು ಹಾಕಿದಾರೆ ಅಂತ ನಾವೂ ನಕ್ಕಿದ್ವಿ. ಊರು ಬಿದ್ಮೇಲೆ, ಕೈಕಟ್ಟಿದ್ದ ಸೆರೆಯಾಳುಗಳ್ನ ಬಯಲಿಗೆ ಕರ್ಕೊಂಡೋದ್ರು. ನಾನು ಹಗ್ಗ ಹಿಡ್ಕೊಂಡಿದ್ದೆ. ಒಬ್ಬನ್ನೂ ಜೀವಂತ ಬಿಡ್ಲಿಲ್ಲ." ಸ್ವಲ್ಪ ಕೆಮ್ಮಿದರು. "ಅದಕ್ಕೂ ಮಾಫಿ ಅಂದ್ರು. ಕೇಳ್ದೇನೇ ಕೊಟ್ಬಿಟ್ರು. ಅದನ್ನ ವಾಪಸ್ ಕೊಟ್ಬಿಡು ಮಗಳೇ. ಅದು ಅವ್ರು ಕೊಡೋದಲ್ಲ."

ಮಾನ್ಯರೇ, ಅದಕ್ಕಾಗಿ ಈ ಪತ್ರ. ದ್ರಾಗೋಶ್ ಎಂಬ ನನ್ನ ತಂದೆ, ಅಕ್ಕೋದ ಯಾತ್ರೆಗಾಗಿ ತಾವು ಕೊಟ್ಟ ಪಾಪಕ್ಷಮೆಯನ್ನು ಊರಿನ ಸಮಕ್ಷಮದಲ್ಲಿ ಹಿಂದಿರುಗಿಸುತ್ತಿದ್ದಾರೆ. ಸ್ವೀಕರಿಸಬೇಕು. ದೇವರ ಮುಂದೆ ಅವರು ತಮ್ಮ ಪಾಪದ ಜೊತೆಯೇ ನಿಂತುಕೊಳ್ಳುತ್ತಾರೆ, ನಿಮ್ಮ ಶಿಫಾರಸು ಬೇಡ. ಯಾತ್ರಿಕರ ಸಾಲಿನ ಗೌರವವನ್ನೂ ನಾವು ಕೇಳುವುದಿಲ್ಲ. ಆದರೆ ಆ ಗುಂಡಿಯ ಪಕ್ಕದ ಜಾಗ ನನ್ನ ತಾಯಿಯ ಗಂಡನದು, ಅದನ್ನು ಬಿಟ್ಟುಕೊಡಬೇಕು. ಅವರನ್ನು ಮನೆಯ ಸಾಧಾರಣ ಅಂಗಿಯಲ್ಲೇ ಮಲಗಿಸುತ್ತೇನೆ. ತಾವು ಬಿಡದಿದ್ದರೂ ಮಲಗಿಸುತ್ತೇನೆ. ಗ್ರುಬೆ ಅಕ್ಕ ಈಗಾಗಲೇ ಸನಿಕೆ ಹರಿತ ಮಾಡಿಟ್ಟಿದ್ದಾಳೆ.

ಹಬ್ಬದ ದಿನ ತಾವು ಶಿಲುಬೆ ಹಂಚುವುದನ್ನು ತಡೆಯುವ ಶಕ್ತಿ ನನಗಿಲ್ಲ. ಹೊರಡುವ ಪ್ರತಿಯೊಬ್ಬನಿಗೂ ಇಷ್ಟನ್ನು ಹೇಳಿ ಕಳಿಸಿ: ಯಾವ ಊರೇ ಆಗಲಿ, ಅದರ ಗೋಡೆಯ ಮೇಲೆ ಬಟ್ಟೆ ತೂಗಾಡುತ್ತಿದ್ದರೆ ಅದು ಒಗೆದು ಹಾಕಿದ್ದಲ್ಲ.

ಇಂತಿ,
ಇವತ್ತಿಗೂ ತಮ್ಮ ದೇವಾಲಯದ ರಕ್ಷಣೆಯಲ್ಲಿರುವ,
ಆದರೂ ಹೇಗೋ ಬದುಕಿ ಉಳಿದಿರುವ,
ದ್ರಾಗೋಶನ ಮಗಳು ದೆಸಾ
ಝಾದರ್