ಮೀ ಅಂದರೆ ಶಾವಿಗೆ

೧೪-೯-೪೧, ಭಾನುವಾರ

ಇವತ್ತೂ ಮೀನು. ಕೆರೆ ಮೀನು, ಮಾಂಸಕ್ಕಿಂತ ಮುಳ್ಳೇ ಜಾಸ್ತಿ. ಕಾಯಿಹಾಲು ಹಾಕಿ ಕುದಿಸಿದೆ... ಒಡೆದುಹೋಯಿತು. ಪಕ್ಕದ ಮನೆ ರೇವಮ್ಮನ ಬೆಕ್ಕು ಬಂದು ಬಾಗಿಲಲ್ಲಿ ಕೂತಿದೆ. ಈ ಹನಕೆರೆಯಲ್ಲಿ ನನ್ನ ಅಡುಗೆಗೆ ಮರ್ಯಾದೆ ಕೊಡುವುದು ಅದೊಂದೇ.

ಇವರ ಕಾಗದದಲ್ಲಿ ಇರುವುದು ಇಷ್ಟು— "ಸಿಂಗಪುರದಲ್ಲಿ ಚೀನಾದವನೊಬ್ಬ ತಳ್ಳುಗಾಡಿಯಲ್ಲಿ ಮೀ ಮಾರುತ್ತಾನೆ. ಕಾಯಿಹಾಲು, ಮೆಣಸಿನಕಾಯಿ, ಮೇಲೆ ಸೊಪ್ಪು. ನಮ್ಮ ಪಲ್ಟನ್ನಿನವರೆಲ್ಲ ಸಾಲು ನಿಂತು ತಿನ್ನುತ್ತೇವೆ." 'ನು' ಬಿಟ್ಟಿದ್ದಾರೆ. ಅಕ್ಷರ ನುಂಗುವುದು ಇವರ ಹಳೇ ಚಾಳಿ.

ಅತ್ತೆ ತಟ್ಟೆ ತಳ್ಳಿದರು. "ಕಾಯಾಲ್ಗೆ ಮೀನಾ? ನಿಮ್ಮ ಮದ್ದೂರಲ್ಲಿ ಇಂಗೇನಮ್ಮಿ ಉಣ್ಣಾದು?"

"ನಿಮ್ಮ ಮಗ ಉಣ್ಣೋದು, ಅತ್ತೆ."

ತಳ್ಳಿದ್ದ ತಟ್ಟೆ ಎಳೆದುಕೊಂಡರು.

ಇವರು ಅಲ್ಲಿ ಉಂಡದ್ದನ್ನೇ ನಾನು ಇಲ್ಲಿ ಉಂಡರೆ ಒಂದೇ ಮನೆಯಲ್ಲಿ ಉಂಡ ಹಾಗೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ಅದಕ್ಕೇ ಇಲ್ಲಿ ಬರೆದೆ.

೨-೧೧-೪೧

ಅಯ್ಯೋ ನನ್ನ ಬುದ್ಧಿಗೆ!

ಕಾಗದ ಬಂತು. "ಮೀ ಅಂದರೆ ಮೀನಲ್ಲ ಕಣೇ, ಶಾವಿಗೆ! ನೀನು ಮೀನು ಬೇಯಿಸಿದ್ದು ಓದಿ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಇಡೀ ಬ್ಯಾರಕ್ಕಿಗೆ ಓದಿ ಹೇಳಿದೆ." ಓದಿ ಹೇಳಿದರಂತೆ! ನಾಚಿಕೆ ಬೇಡವೇ ಈ ಮನುಷ್ಯನಿಗೆ.

ಶಾವಿಗೆಯಾದರೆ ನಮಗೇನು ಹೊಸದು? ಅಕ್ಕಿ ಹಿಟ್ಟು ಬೇಯಿಸಿ ಉಂಡೆ ಮಾಡಿದೆ. ಶಾವಿಗೆ ಒರಳನ್ನು ಅಟ್ಟದಿಂದ ಇಳಿಸಿದೆವು. ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಕಲ್ಲು. ಮೇಲಿನ ಮರದ ಮೇಲೆ ಒಬ್ಬರು ಕೂತು ಭಾರ ಬಿಡಬೇಕು, ಕೆಳಗೆ ಒಬ್ಬರು ತಟ್ಟೆ ಹಿಡಿದು ಸುತ್ತಿಸಿಕೊಳ್ಳಬೇಕು. ಕೂರುವುದು ಯಾವತ್ತೂ ಇವರ ಕೆಲಸ. ಒಂದೇ ಏಟಿಗೆ ಸರ್‍ರನೆ ಇಳಿಯುತ್ತಿತ್ತು. ಈಗ ಅತ್ತೆ ಕೂತರು. ಅತ್ತೆ ಕೂತದ್ದು ಒರಳಿಗೆ ಗೊತ್ತೇ ಆಗಲಿಲ್ಲ. ಕೊನೆಗೆ ಇಬ್ಬರೂ ಜೋತುಬಿದ್ದು ನಕ್ಕೆವು. ಈ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಕಾಯಿಹಾಲಿಗೆ ಬೆಲ್ಲದ ಬದಲು ಖಾರ ಹಾಕಿದೆ, ಒಣ ಸೀಗಡಿ ಹುರಿದು ಉದುರಿಸಿದೆ. ಅತ್ತೆ— "ಬೆಲ್ಲ ಸುರಿಯಾ ಜಾಗದಲ್ಲಿ ಮೆಣಸಿನ್‌ಕಾಯಿ ಸುರ್ದವ್ಳೆ, ಕಾಲ ಕೆಟ್ಟೋಯ್ತು." ಎರಡು ಸಲ ಬಡಿಸಿಕೊಂಡರು.

೩೦-೧೧-೪೧

ಸಾತೆ. ಹೀಗೇ ಬರೆದಿದ್ದಾರೆ, ಈ ಸಲ ಅಕ್ಷರ ಬಿಟ್ಟಿಲ್ಲ ಅಂತ ಆಣೆ ಬೇರೆ ಹಾಕಿದ್ದಾರೆ. ಬಾಡಿನ ಚೂರುಗಳನ್ನು ತೆಂಗಿನ ಗರಿಯ ಕಡ್ಡಿಗೆ ಪೋಣಿಸಿ ಕೆಂಡದಲ್ಲಿ ಸುಡುವುದು, ಕಡಲೆಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುವುದು.

ಮಳವಳ್ಳಿ ಸಂತೆಗೆ ಹೋದವರ ಕೈಲಿ ಬಂಡೂರು ಕುರಿ ಬಾಡು ತರಿಸಿದೆ. ಹೊಸ ಪೊರಕೆ ಬಿಚ್ಚಿದೆ. ಅತ್ತೆ ಕಂಡರು, ಆಯಿತಲ್ಲ. "ಪೊರ್ಕೆ ಕಡ್ಡೀಗೆ ಬಾಡು ಚುಚ್ಚೀಯಾ? ಲಕ್ಷ್ಮಿ ನಿಲ್ತಾಳೇನಮ್ಮಿ ಮನೇಲಿ?"

"ಇನ್ನೂ ಗುಡಿಸಿಲ್ಲ ಅತ್ತೆ, ಹೊಸದು."

"ಗುಡಿಸ್ದಿದ್ರೂ ಪೊರ್ಕೆ ಪೊರ್ಕೇನೇ."

ತುದಿಯೆಲ್ಲ ಸುಟ್ಟು ಕರಿಯಾಯಿತು, ನಡುವೆ ಹಸಿ. ಆದರೂ ರುಚಿಯಿತ್ತು. ಒಂದು ಕಡ್ಡಿ ತೆಗೆದಿಟ್ಟೆ, ಯಾರಿಗೆ ಅಂತ ಇಟ್ಟೆನೋ. ಬೆಳಗ್ಗೆ ನೋಡಿದರೆ ಬರೀ ಕಡ್ಡಿ. ಬೆಕ್ಕು.

೧೮-೨-೪೨

ಸಿಂಗಪುರ ಬಿತ್ತಂತೆ. ಸ್ಟೇಷನ್ ಮಾಸ್ಟರು ಪೇಪರು ಓದಿ ಹೇಳಿದರು. ಸಿಪಾಯಿಗಳೆಲ್ಲ ಜಪಾನಿನವರ ಕೈಗೆ ಸೆರೆ. ಹೆಸರು ಹಾಕಿಲ್ಲವಾ ಅಂತ ಕೇಳಿದೆ. ಅಷ್ಟು ಸಾವಿರ ಹೆಸರು ಎಲ್ಲಿ ಹಾಕುತ್ತಾರಮ್ಮ, ಅಂದರು.

ಅತ್ತೆಗೆ ಹೇಳಿದೆ. ರಾಗಿ ಬೀಸುತ್ತಿದ್ದರು. ಬೀಸುವುದನ್ನು ನಿಲ್ಲಿಸಲಿಲ್ಲ.

೬-೬-೪೩

ಎಷ್ಟು ತಿಂಗಳಾಯಿತು ಇದನ್ನು ಮುಟ್ಟಿ. ಕಾಗದ ಇಲ್ಲ. ಪಲ್ಟನ್ನಿನ ಕಚೇರಿಗೆ ಬರೆಸಿದ್ದಕ್ಕೆ 'ತಿಳಿದುಬಂದಿಲ್ಲ' ಅಂತ ಉತ್ತರ. ಹಾಗಂದರೆ ಏನು? ಇದ್ದಾರೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಕೆರಗೋಡಿನಿಂದ ಅತ್ತೆಯ ತಮ್ಮ ಪುಟ್ಟಮಾದಯ್ಯ ಬಂದಿದ್ದ. ಜಗಲಿಯಲ್ಲಿ ಕೂತು ಎಲೆಅಡಿಕೆ ಅಗಿಯುತ್ತಾ, "ತಿಥಿ ಮಾಡ್ಬುಡಕ್ಕ. ಸತ್ತೋನ ಆತ್ಮ ಯಾಕೆ ಅಲೀಬೇಕು" ಅಂದ. ಕುರಿ ಮಾರುವ ಮಾತಾಡಿದ ಹಾಗೆ. ಒಳಗಿಂದ ಕೇಳಿಸಿಕೊಂಡೆ. ಅವನ ಬಾಯಿಗೆ ಬೂದಿ ಬೀಳಲಿ.

ಅತ್ತೆಯೂ ಅತ್ತ ವಾಲಿದ್ದಾರೆ. ಸಂಜೆ ನಾನು ಒರಳು ಇಳಿಸುವಾಗ, "ಬ್ಯಾಡ ಕಣಮ್ಮಿ. ಸಾವಿನ ಮನೇಲಿ ವರ್ಸ ತುಂಬಗಂಟ ಸಾವ್ಗೆ ಒತ್ಬಾರ್ದು" ಅಂದರು.

"ಇದು ಸಾವಿನ ಮನೆಯಲ್ಲ."

"ನಿಂಗೆ ಯಾರ್ ಯೋಳುದ್ರು?"

"ನಿಮಗೆ ಯಾರು ಹೇಳಿದರು, ಅತ್ತೆ?"

ಎದ್ದು ಹೋದರು. ಒರಳಿನ ಮೇಲೆ ಕೂರಲು ಬರಲಿಲ್ಲ. ನಾನೊಬ್ಬಳೇ. ರುಬ್ಬುವ ಗುಂಡುಕಲ್ಲನ್ನು ಒರಳಿನ ಮರಕ್ಕೆ ಕಟ್ಟಿ ಇಳಿಬಿಟ್ಟೆ. ಅಷ್ಟು ಇಳಿದು ನಿಂತಿತು, ಮತ್ತೆ ಅಷ್ಟು ಇಳಿಯಿತು. ಶಾವಿಗೆಯೆಲ್ಲ ತುಂಡು ತುಂಡು. ಇರಲಿ. ಒತ್ತಿದೆನಲ್ಲ. ಈ ಮನೆಯಲ್ಲಿ ಶಾವಿಗೆ ಒತ್ತುವ ತನಕ ಇವರು ಇದ್ದಾರೆ. ಅಕ್ಕಿ ರೇಷನ್ನಾದರೇನು, ಹಿಡಿ ಹಿಡಿ ಉಳಿಸುತ್ತೇನೆ. ನೋಡೇಬಿಡೋಣ.

೧೨-೩-೪೪

ರೇವಮ್ಮನ ಮಗಳ ಮದುವೆ. ಕುಂಕುಮದ ಬಟ್ಟಲು ಹಿಡಿದು ಬಂದ ಹುಡುಗಿ ನನ್ನ ಮುಂದೆ ಬಂದಾಗ ರೇವಮ್ಮನ ಮುಖ ನೋಡಿದಳು. ರೇವಮ್ಮ ಕಂಬ ನೋಡಿದಳು. ನಾನೇ ಕೈ ಹಾಕಿ ಇಟ್ಟುಕೊಂಡೆ. ಊಟಕ್ಕೆ ನಿಲ್ಲಲಿಲ್ಲ.

ಮನೆಗೆ ಬಂದರೆ ಅತ್ತೆ. ಸಾಕಾಗಿದೆ. ಮಾತಾಡಲು ಜನ ಇಲ್ಲ. ಅತ್ತೆ ಮತ್ತು ನಾನು ಒಂದೇ ಒಲೆಯ ಎರಡು ಪಕ್ಕ ಕೂತು ಎರಡು ಮನೆಯವರ ಹಾಗಿದ್ದೇವೆ. ಮುರಿದ ಶಾವಿಗೆ ಒಬ್ಬಳೇ ತಿನ್ನುತ್ತೇನೆ. ಅವರಿಗೆ ಮುದ್ದೆ.

೨-೯-೪೫

ಯುದ್ಧ ಮುಗಿಯಿತು! ಸೆರೆಯವರನ್ನು ಬಿಡುತ್ತಾರಂತೆ.

ಮೈಸೂರಿನ ರೈಲು ಬರುವ ಹೊತ್ತಿಗೆ ದಿನಾ ಸ್ಟೇಷನ್ನಿಗೆ ಹೋಗುತ್ತಿದ್ದೇನೆ. ಅತ್ತೆಗೆ ಕೋಪ. "ಬಂದ್ರೆ ಮನೆ ದಾರಿ ಗೊತ್ತೈತೆ ಕಣಮ್ಮಿ. ನೀನ್ಯಾಕೆ ಕಂಬದಂಗೆ ನಿಂತ್ಕತೀಯ?" ಅನ್ನುತ್ತಾರೆ. ಆದರೆ ನಾನು ವಾಪಸು ಬರುವಾಗ ಅವರೂ ಬಾಗಿಲಲ್ಲೇ ಇರುತ್ತಾರೆ. ನನ್ನನ್ನು ನೋಡುವುದಿಲ್ಲ. ನನ್ನ ಹಿಂದೆ ನೋಡುತ್ತಾರೆ.

೨೦-೧-೪೬, ಭಾನುವಾರ. ಬೆಳಗ್ಗೆ

ಹಿಟ್ಟು ಜರಡಿ ಹಿಡಿದಾಯಿತು. ಕಾಯಿ ಇದೆ. ಗುಂಡುಕಲ್ಲಿಗೆ ಹೊಸ ಹಗ್ಗ ಬೇಕು.

ಅದೇ ದಿನ, ಮಧ್ಯಾಹ್ನ

ಬೇಗ ಬರೆಯಬೇಕು.

ಹಿಟ್ಟು ಬೇಯುತ್ತಿತ್ತು. ಬಾಗಿಲಲ್ಲಿ ಒಬ್ಬರು. ಖಾಕಿ ಅಂಗಿ, ಒಳಗೆ ಮೈಯೇ ಇಲ್ಲ. "ಮಳವಳ್ಳಿ ಕಡೆಯೋನು, ಮರಿಸಿದ್ದಯ್ಯ ಅಂತ. ಚಲುವರಾಜು ಮನೆ ಇದೇನಾ?" ಕಂಕುಳಲ್ಲಿ ಬಟ್ಟೆ ಗಂಟು. ಕೂತ ಮೇಲೂ ಅದನ್ನು ಕೆಳಗಿಡಲಿಲ್ಲ. ಗಂಟಿನ ಬಾಯಲ್ಲಿ, ಇವರು ಪಲ್ಟನ್ನಿಗೆ ಹೋಗುವಾಗ ಒಯ್ದ ಹಿತ್ತಾಳೆ ಲೋಟದ ಕಂಠ ಕಾಣುತ್ತಿತ್ತು. ನಾನು ಕಂಡೆ. ಅತ್ತೆಯೂ ಕಂಡರು.

"ಅವ್ವಾ, ನಾನು ಬಂದಿದ್ದು..."

"ಬಾಯ್ಬುಡ್ಬ್ಯಾಡ!" ಅತ್ತೆ ಕೂಗಿದ ರೀತಿಗೆ ಅವರು ಬೆಚ್ಚಿದರು. "ಒಂದ್ ಮಾತೂ ಆಡ್ಬ್ಯಾಡ ಕಣಪ್ಪ. ಕಿವೀಗೆ ಬಿದ್ ಗಳಿಗೇಯಿಂದ್ಲೇ ಸೂತ್ಕ. ಇನ್ನೂ ಬಿದ್ದಿಲ್ಲ. ಮೊದ್ಲು ಉಣ್ಣು. ಉಂಡಮ್ಯಾಕೆ ಯೋಳು." ನನ್ನ ಕಡೆ ತಿರುಗಿದರು. "ಅಮ್ಮಿ, ಉಂಡೆ ತಗಿ. ಆರೋಯ್ತದೆ."

ಮರಿಸಿದ್ದಯ್ಯನವರನ್ನು ಒರಳಿನ ಮೇಲೆ ಕೂರಿಸಿದರು. ಇಳಿಯಲಿಲ್ಲ. ಅತ್ತೆ ಸೆರಗು ಸಿಕ್ಕಿಸಿ ತಾವೂ ಪಕ್ಕ ಹತ್ತಿದರು. ಇಬ್ಬರೂ ಸೇರಿದರೂ ಇವರ ಭಾರ ಆಗಲಿಲ್ಲ. ಆದರೂ ಇಳಿಯಿತು, ಮೆಲ್ಲಗೆ, ಒಂದೆಳೆಯೂ ಮುರಿಯದ ಹಾಗೆ. ನಾನು ತಟ್ಟೆ ತಿರುಗಿಸಿದೆ.

ಮೇಲಿಂದ ಮರಿಸಿದ್ದಯ್ಯ, "ಅಡ್ಗೆ ಮಾತಾಡ್ಬೋದಾ ಅವ್ವ?" ಅಂದರು.

"ಅಡ್ಗೆ ಮಾತಾಡು. ಬ್ಯಾರೆ ಬ್ಯಾಡ."

"ಕ್ಯಾಂಪಲ್ಲಿ ಉಣ್ಣಕ್ಕೆ ಏನೂ ಇರ್ನಿಲ್ಲ. ಸಂಜೆ ಎಲ್ರೂ ಬಾಯಲ್ಲೇ ಅಡ್ಗೆ ಮಾಡಾದು. ಒಬ್ಬ ಬಿರ್ಯಾನಿ, ಒಬ್ಬ ಹೋಳ್ಗೆ. ಚಲುವ ದಿನಾ ಸಾವ್ಗೇನೇ. ಹಲಸಿನ್ ಮರದ್ ಒರಳು, ನಾನ್ ಮೇಲ್ ಕುಂತ್ಕತೀನಿ, ನಮ್ಮನೇವ್ಳು ತಟ್ಟೆ ಹಿಡೀತಾಳೆ, ಎಡಕ್ಕೇ ಸುತ್ತಾಳೆ ಅಂತ ಯೋಳ್ತಿದ್ದ." ನಾನು ತಟ್ಟೆ ನೋಡಿಕೊಂಡೆ. ಎಡಕ್ಕೇ ಸುತ್ತುತ್ತಿದ್ದೆ. "ಖಾರ ಬ್ಯಾಡ, ಬೆಲ್ಲದ್ ಕಾಯಾಲು ಅನ್ನೋನು. ಆಮೇಲ್ ಮೀನಿನ್ ಕತೆ. ದಿನಾ ಅದೇ ಕತೆ, ದಿನಾ ನಗೋವು."

'ಯೋಳ್ತಿದ್ದ' ಅಂದರು. 'ಯೋಳ್ತಾನೆ' ಅನ್ನಲಿಲ್ಲ. ಅತ್ತೆ ಮುಖ ಆಚೆ ತಿರುಗಿಸಿದರು.

ನಾನು ಇಲ್ಲಿ ಇವರ ಖಾರದ ಮೀ ತಿನ್ನುತ್ತಿದ್ದೆ. ಇವರು ಅಲ್ಲಿ ನನ್ನ ಬೆಲ್ಲದ ಕಾಯಿಹಾಲು ತಿನ್ನುತ್ತಿದ್ದರು, ಬರೀ ಬಾಯಲ್ಲಿ.

ಎರಡನ್ನೂ ಮಾಡಿದೆ. ಮೂವರೂ ಒಟ್ಟಿಗೆ ಕೂತೆವು. ಅತ್ತೆ ಖಾರದ್ದನ್ನು ಕೇಳಿ ಹಾಕಿಸಿಕೊಂಡರು, ಎಷ್ಟೋ ಕಾಲದ ಮೇಲೆ. ಅತಿಥಿಗೆ ಬಡಿಸಿದರು, ಮತ್ತೆ ಬಡಿಸಿದರು. ಸಾಕು ಅಂದರೂ ಬಡಿಸಿದರು. ಅವರು ನಿಧಾನ ಮಾಡಿ ತಿಂದರು. ಪುಣ್ಯಾತ್ಮ.

ಈಗ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದಾರೆ. ನೀರಿನ ಸದ್ದು ನಿಂತಿತು. ಹಣೆಯ ಕುಂಕುಮ ಮುಟ್ಟಿ ನೋಡಿಕೊಂಡೆ.

ಅತ್ತೆ ಜಗಲಿಯಿಂದ ಕರೆಯುತ್ತಿದ್ದಾರೆ. "ಅಮ್ಮೀ... ಬಾವ್ವ, ನನ್ ಪಕ್ಕ ಕುಂತ್ಕೊ." ಈ ಮನೆಗೆ ಬಂದಾಗಿನಿಂದ ಒಂದು ದಿನವೂ ನನ್ನನ್ನು ಅವ್ವ ಅಂದವರಲ್ಲ. ಬಂದೆ ಅತ್ತೆ, ಅಂದೆ. ಪಾತ್ರೆಯಲ್ಲಿ ಇನ್ನೂ ಒಂದು ಉಂಡೆ ಉಳಿದಿದೆ. ಬಿಸಿ ಇದೆ. ಅದನ್ನೂ ಒತ್ತಿಬಿಡೋಣ ಅತ್ತೆ, ಆರುವುದರೊಳಗೆ