ತುಳಜವ್ವ ಹೇಳಿದ್ದು, ನಾನು ಬರೆದದ್ದು

ಕೃಷ್ಣಾ ತೀರದ ಕೇಳುಮನೆ
೨೧೮೪ನೇ ಇಸವಿ, ಫೆಬ್ರವರಿ ೩೦

ಗಾಯದ ಪ್ರಶ್ನೆಗಳನ್ನು ಮೊದಲ ಸಲ ಬರೆಯುತ್ತಿರುವ ಹಿರಿಯರಿಗೆ ನಮಸ್ಕಾರ.

ತಾರೀಖು ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ತಲುಪುತ್ತದೋ ಇಲ್ಲವೋ ತಿಳಿಯದು. ಆದರೂ ನಿಮಗೇ ಬರೆಯಬೇಕು. ಇಪ್ಪತ್ತೆರಡು ವರ್ಷ ನಾನು ಓದಿ ಹೇಳಿದ ಒಂಬತ್ತು ಪ್ರಶ್ನೆಗಳು ನಿಮ್ಮ ಕಾಲದಿಂದ ಒಂದಕ್ಷರವೂ ಬದಲಾಗದೆ ನಮಗೆ ಬಂದಿವೆ.

ನಮ್ಮಲ್ಲಿ ಆಸ್ಪತ್ರೆಯ ಹಾಸಿಗೆಗಳಿಲ್ಲ. ಯಾವ ಮದ್ದಿಗೂ ಬಗ್ಗದ ಕ್ರಿಮಿಗಳು ವಾರ್ಡುಗಳಲ್ಲಿ ಮನೆಮಾಡಿಕೊಂಡ ಮೇಲೆ ನಮ್ಮ ಅಜ್ಜಂದಿರು ಅವನ್ನೆಲ್ಲ ಮುಚ್ಚಿದರು. ಈಗಿರುವುದು ಹೊಲಿಗೆಮನೆ ಮಾತ್ರ. ಬೆಳಿಗ್ಗೆ ಹೋದರೆ ಯಂತ್ರ ಹೊಟ್ಟೆ ಕೊಯ್ದು, ಸರಿಪಡಿಸಿ, ಹೊಲಿಯುತ್ತದೆ. ಸಂಜೆಯೊಳಗೆ ರೋಗಿ ದೋಣಿ ಹತ್ತಿ ಮನೆಗೆ ಹೊರಡಬೇಕು. ಗಾಯ ಮಾಯುವುದು ಮನೆಯಲ್ಲೇ. ನದಿಯಗಲ ಹೆಚ್ಚಿ ಊರುಗಳು ದೂರದೂರ ಸರಿದಿವೆ, ಹಳ್ಳಿಗಳಿಗೆ ಚಿತ್ರ ಹೋಗುವುದಿಲ್ಲ, ಧ್ವನಿಯಷ್ಟೇ ಹೋಗುತ್ತದೆ. ಹಾಗಾಗಿ ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ ಕೇಳುಮನೆಯಿಂದ ಕೇಳುಗಿತ್ತಿ ಕರೆ ಮಾಡಿ ಒಂಬತ್ತು ಪ್ರಶ್ನೆ ಕೇಳುತ್ತಾಳೆ. ಇಲ್ಲ, ಸ್ವಲ್ಪ, ಬಹಳ, ಈ ಮೂರರಲ್ಲಿ ಒಂದಕ್ಕೆ ಅವಳು ಹಾಳೆಯಲ್ಲಿ ಗುರುತು ಹಾಕಬೇಕು. ಸ್ವಲ್ಪಕ್ಕೆ ಒಂದು ಅಂಕ, ಬಹಳಕ್ಕೆ ಎರಡು. ಒಟ್ಟು ಐದಾದರೆ ವೈದ್ಯರನ್ನು ಹೊತ್ತ ದೋಣಿ ಆ ಊರಿಗೆ ಹೊರಡುತ್ತದೆ. ಐದಾಗದಿದ್ದರೆ ಯಾರೂ ಹೋಗುವುದಿಲ್ಲ.

ನಾನು ಕೇಳುಗಿತ್ತಿಯಾಗಿದ್ದೆ. ಹೆಸರು ಶಾವಂತ್ರವ್ವ.

ಮೂರು ವರ್ಷಗಳ ಹಿಂದೆ ತುಳಜವ್ವ ಅಂಬಿಗೇರ ಎಂಬ ದೋಣಿ ನಡೆಸುವ ಹೆಂಗಸಿಗೆ ಹರ್ನಿಯಾ ಆಗಿ ಹೊಲಿಗೆ ಬಿತ್ತು. ಐವತ್ತರ ಆಸುಪಾಸಿನ ವಿಧವೆ. ಹುಲಿಗೆವ್ವ ಎಂಬ ಒಬ್ಬಳೇ ಮಗಳು. ಮೂರನೆಯ ದಿನ ಕರೆ ಮಾಡಿದಾಗ ತುಳಜವ್ವ ನನ್ನ ಊಟ ಆಯಿತೇ ಎಂದು ಮೊದಲು ವಿಚಾರಿಸಿಕೊಂಡಿದ್ದರು. ಏಳನೆಯ ದಿನ ನಾನು ಕರೆ ಮಾಡಿದ್ದು ಮಧ್ಯಾಹ್ನ ಮೂರೂವರೆಗೆ. ಅಂದು ನನ್ನ ತಂಗಿಯ ಮಗಳ ಮಗುವಿಗೆ ಹೆಸರಿಡುವ ಕಾರ್ಯ. ನಾಲ್ಕರ ದೋಣಿ ತಪ್ಪಿದರೆ ಮರುದಿನದವರೆಗೆ ಬೇರೆ ದೋಣಿಯಿರಲಿಲ್ಲ. ಹೊಸ ಸೀರೆಯುಟ್ಟು ಕುಳಿತೇ ಪ್ರಶ್ನೆ ಓದಿದೆ.

"ಗಾಯದ ಸುತ್ತ ಚರ್ಮ ಕೆಂಪಾಗಿದೆಯೇ?"

"ನಮ್ಮಂಥ ಕರೇ ಮೈಯಾಗ ಕೆಂಪು ಎಲ್ಲಿ ಕಾಣಬೇಕ್ರಿ ಅಕ್ಕಾರ. ಮಿರಿಮಿರಿ ಮಿಂಚತೈತಿ ಅಷ್ಟ."

ಹಾಳೆಯಲ್ಲಿ ಮಿಂಚುವುದಕ್ಕೆ ಜಾಗವಿರಲಿಲ್ಲ. 'ಇಲ್ಲ' ಎಂದು ಗುರುತು ಹಾಕಿದೆ.

"ಗಾಯದಿಂದ ಕೀವು ಬರುತ್ತಿದೆಯೇ?"

"ಕೀವು ಇಲ್ರಿ. ನೀರು ಬಂದಂಗ ಬಂದು ಸೀರಿ ತೊಯ್ತೈತಿ. ದಿನಕ್ಕ ಎರಡು ಸಲ ಬದಲಿ ಮಾಡ್ತೀನಿ."

ಮತ್ತೆ 'ಇಲ್ಲ' ಎಂದೇ ಗುರುತು ಹಾಕಿದೆ. ನಾನೂ ಅದೇ ತೀರದಲ್ಲಿ ಬೆಳೆದವಳು. ನಮ್ಮ ಕಡೆಯ ಹೆಂಗಸರು ಕೀವು ಎಂಬ ಹೇಸಿಗೆಯ ಮಾತು ಬಾಯಿಗೆ ತರದೆ ನೀರು ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀರು ಯಾವ ಬಣ್ಣದ್ದು ಎಂದು ಕೇಳಬಹುದಿತ್ತು. ಜ್ವರವಿದೆಯೇ ಎಂದಾಗ ಅವರು, ಸಂಜೆ ಮೈ ಬೆಚ್ಚಗಾಗುತ್ತದೆ, ಬಿಸಿಲಿಗೆ ಇರಬೇಕು ಎಂದರು. ಬಿಸಿಲಿಗೇ ಎಂದು ನಾನೂ ಒಪ್ಪಿಕೊಂಡೆ. ಒಂಬತ್ತೂ ಮುಗಿದಾಗ ಒಟ್ಟು ಎರಡು ಅಂಕ ಬಂತು. ಕರೆ ಮುಗಿಸುವ ಹೊತ್ತಿಗೆ ಅವರು, "ಇನ್ನೊಂದು ಮಾತಿತ್ತ್ರಿ ಅಕ್ಕಾರ, ಹ್ಯಾಂಗ ಹೇಳಬೇಕೋ..." ಎಂದು ಶುರು ಮಾಡಿದರು. ಗಡಿಯಾರ ನೋಡಿದೆ.

"ಮುಂದಿನ ವಾರ ಮಾಡ್ತೀನಲ್ರಿ ತುಳಜವ್ವಾರ, ಅವಾಗ ಹೇಳ್ರಿ," ಎಂದೆ.

"ಆತ್ರಿ, ಪಾಪ ನಿಮಗೂ ಕೆಲಸ ಇರ್ತಾವು," ಎಂದರು.

ನಾಲ್ಕರ ದೋಣಿ ನನಗೆ ಸಿಕ್ಕಿತು. ಹೋಳಿಗೆ ಊಟವೂ ಸಿಕ್ಕಿತು.

ಹನ್ನೆರಡನೆಯ ದಿನ ಹುಲಿಗೆವ್ವ ತಾನೇ ಕರೆ ಮಾಡಿ, ಅವ್ವ ಎಬ್ಬಿಸಿದರೆ ಏಳುತ್ತಿಲ್ಲ ಎಂದಳು. ವೈದ್ಯರ ದೋಣಿ ಹೋಯಿತು. ಹೊಲಿಗೆಯ ಕೆಳಗೆ ಒಳಗೊಳಗೇ ಕೊಳೆತು ನಂಜು ರಕ್ತಕ್ಕೇರಿತ್ತು. ತುಳಜವ್ವ ಹೊಲಿಗೆಮನೆ ಮುಟ್ಟಲಿಲ್ಲ, ನಡುಹೊಳೆಯಲ್ಲೇ ಹೋದರು.

ಕೇಳುಮನೆಯ ಮಂಡಳಿ ವಿಚಾರಣೆ ನಡೆಸಿತು. ನಮ್ಮಲ್ಲಿ ಕರೆಯ ಧ್ವನಿಯನ್ನು ಉಳಿಸಿಡುವುದಿಲ್ಲ, ಗುರುತು ಹಾಕಿದ ಹಾಳೆಯನ್ನಷ್ಟೇ ಇಡುತ್ತಾರೆ. ಹಾಳೆ ಸರಿಯಾಗಿತ್ತು. ಒಂಬತ್ತೂ ಪ್ರಶ್ನೆ ಕೇಳಲಾಗಿತ್ತು. 'ರೋಗಿಯು ಲಕ್ಷಣಗಳನ್ನು ಮರೆಮಾಚಿದ್ದರಿಂದ ಚಿಕಿತ್ಸೆ ತಡವಾಯಿತು' ಎಂದು ವರದಿ ಬರೆದು ನನ್ನ ಮುಂದಿಟ್ಟರು. ಓದಿದೆ, ಸಹಿ ಹಾಕಿದೆ. ನನ್ನ ತಪ್ಪುಗಳಲ್ಲಿ ಈ ಸಹಿಯನ್ನು ಎಲ್ಲಕ್ಕಿಂತ ಮೇಲಿಡುತ್ತೇನೆ. ಅವಸರ ಯಾರಿಗಾದರೂ ಆದೀತು. ಸತ್ತವರ ಮೇಲೆ ಸುಳ್ಳು ಹೊರಿಸುವಾಗ ನನಗೆ ಯಾವ ಅವಸರವೂ ಇರಲಿಲ್ಲ.

ಹನ್ನೊಂದು ತಿಂಗಳು ಬಾಯಿ ಬಿಡಲಿಲ್ಲ. ದಿನವೂ ಅದೇ ಕುರ್ಚಿ, ಅದೇ ಪ್ರಶ್ನೆ. ಯಾರಾದರೂ 'ನೀರು' ಎಂದರೆ ಕೈ ನಿಲ್ಲುತ್ತಿತ್ತು. ತೀರದ ಜನ, ತುಳಜವ್ವ ಬೇನೆ ಮುಚ್ಚಿಟ್ಟು ಮಗಳನ್ನು ಪರದೇಶಿ ಮಾಡಿದಳು ಎಂದು ಆಡಿಕೊಳ್ಳುವುದು ಕಿವಿಗೆ ಬಿತ್ತು. ಅದಾದ ಮೇಲೆ ಒಂದು ಬೆಳಿಗ್ಗೆ ಅವರ ಊರಿಗೆ ಹೋದೆ.

ಹುಲಿಗೆವ್ವ ದಡದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದಳು. ನಾನು ಯಾರೆಂದು ಹೇಳಿ, ಆ ಮಧ್ಯಾಹ್ನದ ಒಂದೊಂದು ಮಾತನ್ನೂ ಒಪ್ಪಿಸಿದೆ. ಅವಳು ಹಗ್ಗ ಹೊಸೆಯುತ್ತಲೇ ಕೇಳಿದಳು.

"ಆಕಿ ಕಡೀಕ ಹೇಳಾಕ ಹೋದದ್ದು ಏನಂತ ಗೊತ್ತೇನ್ರಿ ನಿಮಗ?"

"ಇಲ್ಲವ್ವಾ. ನಾನು ಕೇಳಲಿಲ್ಲ."

"ಗಾಯ ನಾರತಿತ್ತ್ರಿ. ದೋಣ್ಯಾಗ ನನ್ನ ತೊಡೀ ಮ್ಯಾಲ ಮಲಗಿದ್ದಾಗ ಒಮ್ಮೆ ಎಚ್ಚರಾಗಿ ಹೇಳಿದ್ಲು. ನಿನ್ನ ಮುಂದ ಹೇಳಾಕ ನಾಚಿಕಿ ಬಂತು, ಅಕ್ಕಾರ ಮುಂದ ಹೇಳಬೇಕಂತ ಇದ್ದೆ ಅಂದ್ಲು."

ನಾನು ಅವಳ ಕಾಲು ಹಿಡಿಯಲು ಬಾಗಿದೆ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

"ನನ್ನ ಮುಂದ ಅತ್ರ ಏನು ಬಂತ್ರಿ. ಅಲ್ಲಿ ದೋಣಿಗೆ ಮಂದಿ ನಿಂತಾರ ನೋಡ್ರಿ. ಹೋಗಿ ಅವರ ಮುಂದ ಹೇಳ್ರಿ."

ಹೋಗಿ ಹೇಳಿದೆ. ನಲವತ್ತು ಜನವಾದರೂ ಇದ್ದರು. ಎರಡು ಸಲ ಮೊದಲಿನಿಂದ ಹೇಳಬೇಕಾಯಿತು. ಯಾರೂ ಬೈಯಲಿಲ್ಲ, ಯಾರೂ ಸಮಾಧಾನವನ್ನೂ ಹೇಳಲಿಲ್ಲ. ಆಮೇಲೆ ಮಂಡಳಿಯೆದುರು ನಿಂತು ನಡೆದದ್ದನ್ನೆಲ್ಲ ಬರೆದುಕೊಟ್ಟೆ. ವರದಿ ತಿದ್ದಿದರು, ನನ್ನನ್ನು ಕೆಲಸದಿಂದ ತೆಗೆದರು. ಎರಡೂ ನ್ಯಾಯವೇ. ಈ ಕಾಗದ ಕೇಳುಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ; ಈಗ ನಾನಿಲ್ಲಿ ಕಸ ಗುಡಿಸುತ್ತೇನೆ. ಹುಲಿಗೆವ್ವ ನನ್ನನ್ನು ಕ್ಷಮಿಸಿಲ್ಲ. ಕೇಳುವ ಧೈರ್ಯ ನನಗೂ ಇಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಪ್ರಶ್ನೆಗಳಿಂದ ಸಾವಿರಾರು ಜನ ಬದುಕಿದ್ದಾರೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಹಾಳೆಯನ್ನು ಅಚ್ಚಿಗೆ ಕೊಡುವ ಮೊದಲು ಹೊಲಿಗೆ ಹಾಕಿಸಿಕೊಂಡ ಹೆಂಗಸರ ಪಕ್ಕ ಕುಳಿತು ಅದನ್ನು ಓದಿ ಹೇಳಿ. ಕೀವಿಗೆ ಅವರು ಏನನ್ನುತ್ತಾರೆ, ನಾಚಿಕೆಯಾದಾಗ ಯಾವ ಮಾತಿನ ಹಿಂದೆ ನಿಲ್ಲುತ್ತಾರೆ, ಕಪ್ಪು ಮೈಯಲ್ಲಿ ಉರಿಯೂತ ಹೇಗೆ ಕಾಣುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಕೇಳುವವಳಿಗೂ ಹೇಳಿ: ಗುರುತು ಹಾಕಿದ ಕೈಯೇ ಉತ್ತರಕ್ಕೆ ಹೊಣೆ ಎಂದು.

ನನ್ನ ಹೆಸರನ್ನು ಮರೆತರೂ ನಡೆದೀತು. ಎಲ್ಲಾದರೂ ಒಂದು ಮೂಲೆಯಲ್ಲಿ ಅವರ ಹೆಸರು ಬರೆದಿಡಿ. ತುಳಜವ್ವ ಅಂಬಿಗೇರ, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದವರು.